ಮಳೆನೀರು ಚರಂಡಿಗೆ ಹೊರಗಿನ ಸಲಹೆಗಾರರು: ನೇಮಿಸುವ ಮೊದಲು, ನೇಮಿಸಿದ ಮೇಲೆ

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೊಪ್ಪಳದಿಂದ, ಗಂಗಾವತಿಯಿಂದ, ಸಿಂಧನೂರಿನಿಂದ, ಒಮ್ಮೊಮ್ಮೆ ಬಳ್ಳಾರಿಯಿಂದ. "ಸರ್, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂದೈತಿ. ನಾಲಾದಾಗ ಗಲೀಜು ನೀರು ಹರೀತೈತಿ, ಏನು ಕ್ರಮ ತಗೊಂಡೀರಿ ಅಂತ ಕೇಳ್ಯಾರ. ನಮ್ಮಲ್ಲಿ ಇರೋದು ಇಬ್ಬರು ಜೆಇ (ಕಿರಿಯ ಎಂಜಿನಿಯರ್). ಹೊರಗಿನ ಕನ್ಸಲ್ಟಂಟ್ ತಗೋಬಹುದಾ?"

ತಗೋಬಹುದು. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಸಲಹೆಗಾರರಿಂದ ಕೆಲಸ ಕೊಳ್ಳಬಹುದು, ಹೊಣೆ ಕೊಳ್ಳಲು ಆಗುವುದಿಲ್ಲ. ನೋಟಿಸ್ ಪೌರಾಯುಕ್ತರ ಹೆಸರಿಗೇ ಬರುತ್ತದೆ, ಉತ್ತರಕ್ಕೆ ಸಹಿಯೂ ಅವರದ್ದೇ. ಹಾಗಾಗಿ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇವರು ಗಂಟು ಕಟ್ಟಿಕೊಂಡು ಹೋದ ಮೇಲೆ ನಮ್ಮ ಕಚೇರಿಯಲ್ಲಿ ಏನು ಉಳಿಯುತ್ತದೆ?

ಹೊಸದಾಗಿ ಬಂದ ಎಂಜಿನಿಯರುಗಳು, ನಗರಸಭೆ ಸದಸ್ಯರು, ಕಡತ ನೋಡುವ ಗುಮಾಸ್ತರು, ಎಲ್ಲರಿಗೂ ಆಗಲಿ ಎಂದು ಬರೆದಿದ್ದೇನೆ.

ಪಾಲಿಸಬೇಕಾದ್ದು ಏನು?

ಅಮೆರಿಕದಲ್ಲಿ ಊರಿನ ಮಳೆನೀರನ್ನು ಹೊಳೆಗೆ ಬಿಡಲು ಸ್ಥಳೀಯ ಆಡಳಿತವೇ ಪರ್ಮಿಟ್ ಪಡೆಯಬೇಕು. ಅದರ ಷರತ್ತುಗಳಿಗೆ ತಕ್ಕಂತೆ ವರದಿ ಒಪ್ಪಿಸಬೇಕು. ನಮ್ಮಲ್ಲಿ ಹಾಗೆ ಒಂದೇ ಪರ್ಮಿಟ್ ಇಲ್ಲ. ನಿಯಮಗಳು ನಾಲ್ಕಾರು ಕಡೆ ಹರಡಿವೆ. 1974ರ ಜಲ ಮಾಲಿನ್ಯ ತಡೆ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಘನತ್ಯಾಜ್ಯದ ನಿಯಮಗಳು, ಕಟ್ಟಡ ತ್ಯಾಜ್ಯದ ನಿಯಮಗಳು, ಹಸಿರು ನ್ಯಾಯಮಂಡಳಿಯ ಆದೇಶಗಳು. ಚರಂಡಿ ಹೇಗೆ ಕಟ್ಟಬೇಕು ಎಂಬುದಕ್ಕೆ ಕೇಂದ್ರ ನಗರಾಭಿವೃದ್ಧಿ ಇಲಾಖೆಯ ಸಿಪಿಎಚ್‌ಇಇಓ ಸಂಸ್ಥೆ 2019ರಲ್ಲಿ ಹೊರತಂದ ಮಳೆನೀರು ಚರಂಡಿ ಕೈಪಿಡಿ ಇದೆ. ಪ್ರವಾಹದ ವಿಷಯಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2010ರ ಮಾರ್ಗಸೂಚಿ ಇದೆ.

ಇದು ಬರೀ ಕಾಗದದ ಮಾತಲ್ಲ. ಹಸಿರು ನ್ಯಾಯಮಂಡಳಿ 2019ರ ಆಗಸ್ಟ್‌ನಲ್ಲಿ ಕೊಟ್ಟ ಆದೇಶದಲ್ಲಿ, ಕೊಳಚೆ ಹರಿಯುವ ನಾಲೆಯಲ್ಲಿ ಸ್ಥಳದಲ್ಲೇ ಶುದ್ಧೀಕರಣ ಶುರು ಮಾಡದಿದ್ದರೆ ಒಂದೊಂದು ನಾಲೆಗೆ ತಿಂಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಕಟ್ಟಬೇಕೆಂದು ಹೇಳಿತು. ಸಣ್ಣ ನಗರಸಭೆಗೆ ಇದು ಎಷ್ಟು ದೊಡ್ಡ ಮೊತ್ತ ಎಂದು ನಿಮಗೇ ಗೊತ್ತು.

1. ಮೊದಲು ನೀವೇ ನಡೆದು ನೋಡಿ

ಸಲಹೆಗಾರರನ್ನು ಹುಡುಕುವ ಮೊದಲು ಎರಡು ದಿನ ಇಡಿ. ಏಪ್ರಿಲ್‌ನಲ್ಲಿ, ಮಳೆ ಬಿದ್ದು ವಾರ ಹತ್ತು ದಿನ ಆಗಿರುವಾಗ, ಬೆಳಿಗ್ಗೆ 7 ಗಂಟೆಗೆ ಜೆಇ, ಆರೋಗ್ಯ ನಿರೀಕ್ಷಕರು ಮತ್ತು ಆ ವಾರ್ಡಿನ ಪೌರಕಾರ್ಮಿಕರ ಜೊತೆ ನಾಲಾ ದಂಡೆ ಹಿಡಿದು ನಡೆಯಿರಿ. ಆ ಹೊತ್ತಿಗೆ ಮಳೆನೀರು ಚರಂಡಿ ಒಣಗಿರಬೇಕು, ಅಲ್ವಾ? ನೀರು ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಎಲ್ಲಿಂದಲೋ ಕೊಳಚೆ ಸೇರುತ್ತಿದೆ. ಸೋಪಿನ ನೊರೆ ಇದ್ದರೆ ಬಚ್ಚಲ ನೀರು. ಕಪ್ಪಗಿದ್ದು ಗುಳ್ಳೆ ಏಳುತ್ತಿದ್ದರೆ ಶೌಚದ ನೀರು. ಬಳ್ಳಾರಿಯಲ್ಲಿ ನೀಲಿ ಬಣ್ಣ ಕಂಡರೆ ಜೀನ್ಸ್ ವಾಷಿಂಗ್ ಘಟಕದ ಕಡೆ ನೋಡಬೇಕು. ಗಂಗಾವತಿ, ಸಿಂಧನೂರು ಕಡೆ ಭತ್ತ ಬೇಯಿಸಿದ ಹುಳಿ ವಾಸನೆ, ಹೊಟ್ಟಿನ ಕಪ್ಪು ಬೂದಿ ಕಂಡರೆ ರೈಸ್ ಮಿಲ್ಲಿನ ಕಡೆ.

ಸೇರುವ ಪ್ರತಿ ಪೈಪಿನ ಫೋಟೋ ತೆಗೆದು, ಮೊಬೈಲ್‌ನಲ್ಲೇ ಜಾಗ ಗುರುತಿಸಿ. ಈ ಪಟ್ಟಿ ಕೈಯಲ್ಲಿದ್ದರೆ ಸಲಹೆಗಾರರ ಜೊತೆ ಮಾತಾಡುವಾಗ ನೀವು ಗಟ್ಟಿ ನಿಲ್ಲುತ್ತೀರಿ. ಪಟ್ಟಿ ಇಲ್ಲದೆ ಹೋದರೆ ನಿಮ್ಮ ಊರಿನ ತೊಂದರೆ ಏನು ಎಂದು ಅವರೇ ನಿಮಗೆ ಹೇಳುತ್ತಾರೆ, ಅದಕ್ಕೆ ದರವನ್ನೂ ಅವರೇ ಹೇಳುತ್ತಾರೆ.

ಮುಚ್ಚಿದ ಚರಂಡಿಯೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ. ಪೌರಕಾರ್ಮಿಕರನ್ನೂ ಬೇಡ, ಮುಂದೆ ಸಲಹೆಗಾರರ ಕಡೆಯ ಹುಡುಗರನ್ನೂ ಬೇಡ. ಕೊಳಚೆ ಸೇರಿದ ಮುಚ್ಚಿದ ಚರಂಡಿಯಲ್ಲಿ ವಿಷಗಾಳಿ ನಿಂತಿರುತ್ತದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಜೀವ ಹೋದರೆ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಹೋದ ಜೀವ ಅದರಿಂದ ಬರುವುದಿಲ್ಲ. ಒಳಗೆ ನೋಡಲೇಬೇಕೆಂದರೆ ಕೋಲಿಗೆ ಕಟ್ಟಿದ ಕ್ಯಾಮೆರಾ ಸಾಕು.

2. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಹೂಳು ತೆಗೆಯುವ ವೇಳಾಪಟ್ಟಿ, ದೂರು ದಾಖಲು, ಅಂಗಡಿಯವರಿಗೆ ನೋಟಿಸ್, ಇದಕ್ಕೆಲ್ಲ ಸಲಹೆಗಾರರು ಬೇಡ. ನಿಮ್ಮ ಸಿಬ್ಬಂದಿಯೇ ಮಾಡಬೇಕು.

ಇಡೀ ಊರಿನ ಮಟ್ಟ ಅಳೆದು ನಕ್ಷೆ ಮಾಡುವುದು, ಎಷ್ಟು ಮಳೆಗೆ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ, ನೀರಿನ ಮಾದರಿ ಪರೀಕ್ಷೆ, ಡಿಪಿಆರ್ ಅಂದರೆ ಕಾಮಗಾರಿಯ ಪೂರ್ತಿ ಯೋಜನಾ ವರದಿ, ಇವಕ್ಕೆ ಬೇಕು.

ಒತ್ತುವರಿ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. "ಇಲ್ಲಿ ನಾಲಾ 12 ಅಡಿ ಇತ್ತು, ಈಗ 5 ಅಡಿ ಇದೆ" ಎಂದು ಸಲಹೆಗಾರರು ಗುರುತು ಮಾಡಬಹುದು. ಆದರೆ ಅವರ ಅಳತೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಗ್ರಾಮ ನಕಾಶೆ ಹಿಡಿದು ಸರ್ಕಾರಿ ಭೂಮಾಪಕರೇ ಅಳೆಯಬೇಕು. ಅದಕ್ಕೆ ತಹಶೀಲ್ದಾರರಿಗೆ, ಭೂದಾಖಲೆ ಕಚೇರಿಗೆ ಪತ್ರ ಈಗಲೇ ಹೋಗಲಿ, ತಡವಾಗುವುದು ಅಲ್ಲೇ.

3. ಕೆಲಸದ ವಿವರ ಬರೆಯಿರಿ

ಇದಕ್ಕೆ ಕಚೇರಿ ಭಾಷೆಯಲ್ಲಿ ಟಿಓಆರ್ ಎನ್ನುತ್ತಾರೆ. ಏನು ಮಾಡಬೇಕು, ಯಾವಾಗ ಕೊಡಬೇಕು, ಏನನ್ನು ಒಪ್ಪಿಸಬೇಕು ಎಂಬ ಕರಾರು ಪಟ್ಟಿ. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಬೇರೆ ಊರಿನ ಟಿಓಆರ್ ತಂದು ಹೆಸರು ಬದಲಿಸಿ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಕರಾವಳಿ ಊರಿನ ಟಿಓಆರ್ ಒಂದು ನಮ್ಮ ಕಡೆಯ ಕಡತದಲ್ಲಿ ಹಾಗೇ ಬಂದು ಕೂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಸಮುದ್ರದ ಉಬ್ಬರದ ಲೆಕ್ಕವನ್ನೂ ಕೇಳಿದ್ದರು.

ನಮ್ಮ ನೆಲಕ್ಕೆ ಬೇಕಾದ್ದೇ ಬೇರೆ.

ಮೊದಲನೆಯದು ಮಳೆ. ನಮ್ಮಲ್ಲಿ ವರ್ಷದ ಮಳೆ ಕಡಿಮೆ, ಆದರೆ ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ನೆರೆ ಬಂದು ಏನಾಯಿತು ಎಂದು ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಬೇರೆ ಹೇಳಬೇಕಿಲ್ಲ. ಹಾಗಾಗಿ ವರ್ಷದ ಸರಾಸರಿ ಮಳೆ ಹಿಡಿದು ಲೆಕ್ಕ ಹಾಕಿದರೆ ಒಪ್ಪಬೇಡಿ. ಗಂಟೆಗೆ ಎಷ್ಟು ಮಿಲಿಮೀಟರ್ ಎಂಬ ತೀವ್ರತೆ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆ ದಾಖಲೆ ತಂದು ಬಳಸಬೇಕೆಂದು ಬರೆಯಿರಿ. ನಗರದೊಳಗೆ 4 ಚದರ ಕಿಲೋಮೀಟರಿಗೆ ಒಂದು ಸ್ವಯಂಚಾಲಿತ ಮಳೆಮಾಪಕ ಇರಬೇಕು ಎಂದು 2010ರ ಮಾರ್ಗಸೂಚಿ ಹೇಳುತ್ತದೆ. ಎಲ್ಲೆಲ್ಲಿ ಇಡಬೇಕು ಎಂದೂ ಸಲಹೆಗಾರರಿಂದಲೇ ಹೇಳಿಸಿ.

ಎರಡನೆಯದು ಗುಡ್ಡ. ಬಳ್ಳಾರಿ ಗುಡ್ಡ, ಕೊಪ್ಪಳದ ಕೋಟೆ ಗುಡ್ಡ, ರಾಯಚೂರಿನ ಕೋಟೆ ಗುಡ್ಡ, ಎಲ್ಲ ಬರಿ ಬಂಡೆ. ಬಿದ್ದ ನೀರು ಇಂಗುವುದಿಲ್ಲ, ಕ್ಷಣದಲ್ಲಿ ಕೆಳಗಿನ ಓಣಿಗೆ ಇಳಿಯುತ್ತದೆ. ಗುಡ್ಡದ ಬುಡದ ಓಣಿಗಳಿಗೆ ಲೆಕ್ಕ ಬೇರೆಯಾಗಿ ಕೇಳಿ.

ಮೂರನೆಯದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಚರಂಡಿ ಗೋಡೆ ಒಳಗೆ ವಾಲಿರುವುದನ್ನು ಎಷ್ಟು ಕಡೆ ನೋಡಿಲ್ಲ ನಾವು? ಗೋಡೆಯ ಹಿಂದೆ ಎರೆ ಮಣ್ಣನ್ನೇ ತುಂಬಿದರೆ ಹಾಗಾಗುತ್ತದೆ. ಮಣ್ಣು ಪರೀಕ್ಷೆ ಕಡ್ಡಾಯ ಮಾಡಿ. ಗೋಡೆ ಹಿಂದೆ ಉಬ್ಬದ ಗರಸು ತುಂಬುವ ವಿನ್ಯಾಸ ಕೇಳಿ.

ನಾಲ್ಕನೆಯದು ಕೊನೆ ಎಲ್ಲಿ ಎಂಬುದು. ಕೊಪ್ಪಳ ಭಾಗದ ಹಿರೇಹಳ್ಳ ಹೋಗಿ ಸೇರುವುದು ತುಂಗಭದ್ರೆಯನ್ನು. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಸೇರಿ ಆ ಹಳ್ಳದ ಹೂಳು ತೆಗೆದರು. ಅಂಥ ಹಳ್ಳಕ್ಕೆ ಮತ್ತೆ ಕೊಳಚೆ ಬಿಡುವುದು ಯಾರಿಗೂ ಶೋಭೆಯಲ್ಲ. ಚರಂಡಿ ಕೊನೆಗೆ ಕೆರೆಗೆ ಹೋಗುತ್ತದೋ, ಹಳ್ಳಕ್ಕೋ, ಯಾರದೋ ಹೊಲಕ್ಕೋ ಎಂದು ಪ್ರತಿ ನಾಲೆಗೂ ಬರೆಸಿ. ಊರ ಗಡಿಯ ಹತ್ತಿರ ನಕ್ಷೆ ಸುಮ್ನೆ ನಿಂತು ಹೋದರೆ ಅದು ಅರ್ಧ ಕೆಲಸ.

ಇನ್ನು ಏನೇನು ಒಪ್ಪಿಸಬೇಕು ಎಂಬುದು. ಪಿಡಿಎಫ್ ಮಾತ್ರ ಸಾಲದು. ಜಿಐಎಸ್ ಅಂದರೆ ಕಂಪ್ಯೂಟರ್ ನಕ್ಷೆಯ ಮೂಲ ಫೈಲು, ವಿನ್ಯಾಸದ ಆಟೋಕ್ಯಾಡ್ ಫೈಲು, ಸೂತ್ರಗಳು ಕಾಣುವ ಎಕ್ಸೆಲ್ ಲೆಕ್ಕ, ಪ್ರಯೋಗಾಲಯದ ಮೂಲ ವರದಿ, ಎಲ್ಲವೂ ನಗರಸಭೆಯ ಸ್ವತ್ತು ಎಂದು ಒಂದು ಸಾಲು ಬರೆಯಿರಿ. ಈ ಒಂದು ಸಾಲು ಇಲ್ಲದೆ ಎರಡೇ ವರ್ಷದಲ್ಲಿ ಅದೇ ಊರಿನ ಅದೇ ಸರ್ವೆಗೆ ಮತ್ತೆ ದುಡ್ಡು ಕೊಟ್ಟಿದ್ದುಂಟು. ಜನರ ತೆರಿಗೆ ದುಡ್ಡು ಅದು.

4. ಸಭೆ, ಮಂಜೂರಾತಿ, ದುಡ್ಡು

ಸಾಮಾನ್ಯ ಸಭೆಯ ನಿರ್ಣಯ, ಅಂದಾಜು ಪಟ್ಟಿ, ಆಡಳಿತಾತ್ಮಕ ಮಂಜೂರಾತಿ. ಇವು ನಿಮಗೆ ಗೊತ್ತಿರುವುದೇ. ಅನುದಾನ ಹಣಕಾಸು ಆಯೋಗದ್ದಾದರೂ, ಕೇಂದ್ರದ ಅಮೃತ್ 2.0 ಯೋಜನೆಯದ್ದಾದರೂ, ಕಲ್ಯಾಣ ಕರ್ನಾಟಕ ಮಂಡಳಿಯದ್ದಾದರೂ, ಸಲಹಾ ಶುಲ್ಕಕ್ಕೆ ಅದರಲ್ಲಿ ಅವಕಾಶ ಇದೆಯೇ ಎಂದು ಮಾರ್ಗಸೂಚಿಯಲ್ಲಿ ಓದಿ, ಆ ಪುಟವನ್ನು ಕಡತಕ್ಕೆ ಸೇರಿಸಿ.

ಜಿಎಸ್‌ಟಿ ಬಗ್ಗೆ ಎಚ್ಚರ. ಸಂವಿಧಾನದ 243ಡಬ್ಲ್ಯೂ ವಿಧಿ ನಗರಸಭೆಗಳಿಗೆ ವಹಿಸಿರುವ ಕೆಲಸಗಳಿಗೆ ಸಂಬಂಧಿಸಿ, ಸರಕು ಪೂರೈಕೆ ಇಲ್ಲದ ಶುದ್ಧ ಸೇವೆಯನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟರೆ 2017ರ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಆದರೂ ಬಿಲ್ಲಿನಲ್ಲಿ ಶೇ 18 ಸೇರಿಸಿ ಬರುತ್ತದೆ, ನಾವೂ ನೋಡದೆ ಕೊಟ್ಟುಬಿಡುತ್ತೇವೆ. ಟೆಂಡರ್ ಕರೆಯುವ ಮೊದಲೇ ಲೆಕ್ಕ ಶಾಖೆಯವರ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ.

5. ಟೆಂಡರ್

ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ಅದರ ನಿಯಮಗಳು 2000ದಲ್ಲಿ ಬಂದವು. ಸಲಹಾ ಸೇವೆಯೂ ಇದರೊಳಗೇ ಬರುತ್ತದೆ. ಟೆಂಡರ್ ಹಾಕಬೇಕಾದ್ದು ರಾಜ್ಯದ ಸರ್ಕಾರಿ ಖರೀದಿಯ ಕೆಪಿಪಿಪಿ ಪೋರ್ಟಲ್‌ನಲ್ಲಿ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಸಣ್ಣ ಮೊತ್ತಕ್ಕೆ ಟೆಂಡರ್ ವಿನಾಯಿತಿ ಇದೆಯೆಂದು ಒಂದೇ ಕೆಲಸವನ್ನು ತುಂಡು ಮಾಡುವುದು ಮೊದಲನೆಯದು. ಸರ್ವೆ ಒಂದು, ಲೆಕ್ಕ ಒಂದು, ವರದಿ ಒಂದು ಎಂದು ಮೂರು ಆದೇಶ ಕೊಟ್ಟರೆ ಆಡಿಟ್‌ನವರು ಖಂಡಿತ ಹಿಡಿಯುತ್ತಾರೆ. "ತುರ್ತು" ಎಂದು ಟೆಂಡರ್ ಅವಧಿ ಕಡಿಮೆ ಮಾಡುವುದು ಎರಡನೆಯದು. ಅವಧಿ ಇಳಿಸಬೇಕಾದರೆ ಮೇಲಿನ ಅಧಿಕಾರಿಯೇ ಕಾರಣ ಬರೆದು ಒಪ್ಪಬೇಕು. ಪ್ರತಿ ವರ್ಷ ಬರುವ ಮಳೆಗಾಲ ತುರ್ತು ಹೇಗಾಗುತ್ತದೆ? ಮೂರನೆಯದು ಅರ್ಹತೆಯನ್ನು ಒಬ್ಬರ ಅಳತೆಗೇ ಹೊಲಿಯುವುದು. "ಇದೇ ಜಿಲ್ಲೆಯಲ್ಲಿ ಇಂಥದ್ದೇ ಕೆಲಸ ಮಾಡಿರಬೇಕು" ಎಂಬ ಷರತ್ತು ಹಾಕಿದರೆ ಅಲ್ಲಿ ಪೈಪೋಟಿ ಉಳಿಯುವುದಿಲ್ಲ. ತಿರಸ್ಕೃತರಾದವರು ಕಾಯ್ದೆಯ 16ನೇ ಸೆಕ್ಷನ್ ಅಡಿ 30 ದಿನದೊಳಗೆ ಮೇಲ್ಮನವಿ ಹೋಗಬಹುದು, ಅಲ್ಲಿಗೆ ನಿಮ್ಮ ಮಳೆಗಾಲ ಮುಗಿದಿರುತ್ತದೆ.

ಎರಡು ಲಕೋಟೆ ಪದ್ಧತಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಅರ್ಹತೆ, ಎರಡನೆಯದರಲ್ಲಿ ದರ. ಅರ್ಹತೆಯಲ್ಲಿ ಗೆದ್ದವರ ದರದ ಲಕೋಟೆ ಮಾತ್ರ ತೆರೆಯಬೇಕು.

6. ಆಯ್ಕೆ: ಕಡಿಮೆ ದರವೊಂದೇ ಸಾಕೇ?

ಸಾಕಾಗುವುದಿಲ್ಲ ಎಂಬುದು ನನ್ನ ಅನುಭವ. ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಡುವ ಪದ್ಧತಿ ಇದೆ, ಅದಕ್ಕೆ ಕ್ಯೂಸಿಬಿಎಸ್ ಎನ್ನುತ್ತಾರೆ. ಗುಣಮಟ್ಟಕ್ಕೆ 70, ದರಕ್ಕೆ 30 ಇಟ್ಟರೆ ಹೇಗಾಗುತ್ತದೆ ನೋಡಿ. ಒಬ್ಬರಿಗೆ ಗುಣಮಟ್ಟದಲ್ಲಿ 85 ಅಂಕ, ದರ 20 ಲಕ್ಷ. ಇನ್ನೊಬ್ಬರಿಗೆ 70 ಅಂಕ, ದರ 16 ಲಕ್ಷ. ಕಡಿಮೆ ದರದವರಿಗೆ ದರದಲ್ಲಿ 100 ಅಂಕ. ಮೊದಲನೆಯವರಿಗೆ 16 ಭಾಗಿಸು 20, ಗುಣಿಸು 100, ಅಂದರೆ 80. ಒಟ್ಟು ಮಾಡಿದರೆ ಮೊದಲನೆಯವರದು 59.5 ಕೂಡಿಸು 24, ಅಂದರೆ 83.5. ಎರಡನೆಯವರದು 49 ಕೂಡಿಸು 30, ಅಂದರೆ 79. ಜಾಸ್ತಿ ದರ ಹೇಳಿದವರೇ ನ್ಯಾಯವಾಗಿ ಗೆದ್ದರು. ಆದರೆ ಯಾವುದಕ್ಕೆ ಎಷ್ಟು ಅಂಕ ಎಂಬುದು ಟೆಂಡರ್ ದಾಖಲೆಯಲ್ಲಿ ಮೊದಲೇ ಅಚ್ಚಾಗಿರಬೇಕು. ಲಕೋಟೆ ತೆರೆದ ಮೇಲೆ ಬದಲಿಸುವಂತಿಲ್ಲ.

ಅಂಕವನ್ನು ಕಂಪನಿಯ ಹೆಸರಿಗಿಂತ ಬರುವ ಮನುಷ್ಯರಿಗೆ ಜಾಸ್ತಿ ಇಡಿ. ನೀರಿನ ಲೆಕ್ಕ ಬಲ್ಲ ಎಂಜಿನಿಯರ್ ಯಾರು, ಎಷ್ಟು ದಿನ ನಮ್ಮ ಊರಲ್ಲಿ ಇರುತ್ತಾರೆ? ಟೆಂಡರಿನಲ್ಲಿ ದೊಡ್ಡ ಅನುಭವಿಯ ವಿವರ ಕೊಟ್ಟು, ಕೆಲಸಕ್ಕೆ ನಿನ್ನೆ ಮೊನ್ನೆ ಪದವಿ ಮುಗಿಸಿದ ಹುಡುಗನನ್ನು ಕಳಿಸುವುದು ಎಲ್ಲ ಕಡೆ ಇದೆ. ಹೆಸರು ಕೊಟ್ಟವರನ್ನು ಬದಲಿಸಬೇಕಾದರೆ ಲಿಖಿತ ಒಪ್ಪಿಗೆ ಬೇಕು, ಬದಲಿ ಬರುವವರು ಅಷ್ಟೇ ಅನುಭವಿ ಆಗಿರಬೇಕು ಎಂದು ಬರೆಯಿರಿ. ಹಾಗೆಯೇ, ಡಿಪಿಆರ್ ಬರೆದವರು ಅದೇ ಕಾಮಗಾರಿಯ ಗುತ್ತಿಗೆಗೆ ಬರಬಾರದು.

7. ಒಪ್ಪಂದ ಮತ್ತು ಕಂತು

ವರದಿಯ ಪುಟ ನೋಡಿ ದುಡ್ಡು ಕೊಡಬೇಡಿ, ನಾಲಾದ ಹತ್ತಿರ ತಾಳೆ ನೋಡಿ ಕೊಡಿ. ನಾನು ಹೇಳುವ ಹಂಚಿಕೆ ಹೀಗಿರುತ್ತದೆ: ಸರ್ವೆ ನಕ್ಷೆ ಸ್ಥಳದಲ್ಲಿ ತಾಳೆಯಾದಾಗ ಶೇ 30, ನೀರಿನ ಲೆಕ್ಕ ಮತ್ತು ಪರೀಕ್ಷಾ ವರದಿಗೆ ಶೇ 25, ಡಿಪಿಆರ್‌ಗೆ ತಾಂತ್ರಿಕ ಮಂಜೂರಾತಿ ಸಿಕ್ಕಾಗ ಶೇ 30, ಉಳಿದ ಶೇ 15 ಒಂದು ಮಳೆಗಾಲ ಕಳೆದ ಮೇಲೆ. ಇದು ನಿಯಮವಲ್ಲ, ನನ್ನ ಸಲಹೆ. ಆದರೆ ಆ ಕೊನೆಯ ಕಂತನ್ನು ಯಾರು ಹೇಳಿದರೂ ಬಿಟ್ಟುಕೊಡಬೇಡಿ.

ಅದಕ್ಕೆ ತಕ್ಕಂತೆ ತಿಂಗಳು ಹೊಂದಿಸಿ. ಮುಂದಿನ ಜನವರಿಗೆ ಕಾರ್ಯಾದೇಶ. ಫೆಬ್ರವರಿಯಿಂದ ಮೇವರೆಗೆ ಒಣ ಕಾಲದ ಸರ್ವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಬಂದ ದಿನ ಅವರ ಜನ ಇಲ್ಲಿರಬೇಕು.

8. ಕೆಲಸ ನಡೆಯುವಾಗ ನೀವು ನೋಡಬೇಕಾದ್ದು

ನೀರಿನ ಲೆಕ್ಕಕ್ಕೆ ಹೆದರಬೇಡಿ. ಸಣ್ಣ ಪ್ರದೇಶಕ್ಕೆ ಬಳಸುವ ಸೂತ್ರ ಸರಳ. ನೆಲದ ಗುಣಕ, ಗಂಟೆಗೆ ಬೀಳುವ ಮಳೆ ಮಿಲಿಮೀಟರಿನಲ್ಲಿ, ಪ್ರದೇಶ ಹೆಕ್ಟೇರಿನಲ್ಲಿ, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆ. ನೆಲದ ಗುಣಕ ಅಂದರೆ ಬಿದ್ದ ನೀರಿನಲ್ಲಿ ಹರಿದು ಹೋಗುವ ಪಾಲು. ಕಾಂಕ್ರೀಟ್ ತುಂಬಿದ ಓಣಿಗೆ 0.8 ಹಿಡಿಯೋಣ. 10 ಹೆಕ್ಟೇರ್, ಗಂಟೆಗೆ 50 ಮಿಲಿಮೀಟರ್ ಮಳೆ. ಉತ್ತರ 1.11.

ಈಗ ಆ ಓಣಿಯ ಚರಂಡಿ ನೋಡಿ. ಅಗಲ 1 ಮೀಟರ್, ಆಳ 0.9 ಮೀಟರ್, ನೀರಿನ ವೇಗ ಸೆಕೆಂಡಿಗೆ 1.25 ಮೀಟರ್. ಒಯ್ಯುವ ನೀರು 1.12. ಸರಿಹೋಯಿತು. ಅದರಲ್ಲಿ ಒಂದು ಅಡಿ, ಅಂದರೆ 0.3 ಮೀಟರ್ ಹೂಳು ಕೂತಿದೆ ಎನ್ನಿ. ಆಗ ಒಯ್ಯುವುದು 0.75 ಮಾತ್ರ. ವೇಗವೂ ಕುಗ್ಗುವುದರಿಂದ ನಿಜಕ್ಕೂ ಇನ್ನೂ ಕಡಿಮೆ. ಉಳಿದ ನೀರು ಮನೆಗೆ ನುಗ್ಗುತ್ತದೆ. ಚರಂಡಿ ಸಣ್ಣದಾಯಿತು, ಒಡೆದು ದೊಡ್ಡದು ಕಟ್ಟಬೇಕು ಎಂದು ವರದಿ ಬಂದರೆ, ಹೂಳು ತೆಗೆದ ಮೇಲೂ ಸಾಲುವುದಿಲ್ಲವೇ ಎಂದು ಕೇಳಿ. ಈ ಒಂದು ಪ್ರಶ್ನೆಯಿಂದ ಎಷ್ಟೋ ಕಾಮಗಾರಿ ಉಳಿಯಬಹುದು.

ನೀರಿನ ಪರೀಕ್ಷೆಯಲ್ಲೂ ಕಣ್ಣಿಡಿ. ಎನ್‌ಎಬಿಎಲ್, ಅಂದರೆ ಪ್ರಯೋಗಾಲಯಗಳ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಪ್ರಯೋಗಾಲಯವೇ ಆಗಬೇಕು. ಮಾದರಿ ತೆಗೆಯುವಾಗ ನಿಮ್ಮ ಸಿಬ್ಬಂದಿ ಜೊತೆಗಿರಲಿ. ಬಾಟಲಿ ಮೇಲೆ ಜಾಗ, ದಿನ, ಗಂಟೆ, ಮಳೆ ಬಂದು ಎಷ್ಟು ಹೊತ್ತಾಯಿತು ಎಂದು ಬರೆದು ಐಸ್ ಪೆಟ್ಟಿಗೆಯಲ್ಲಿಡಬೇಕು. ಒಣ ದಿನದ ಮಾದರಿ ಬೇರೆ, ಮೊದಲ ಮಳೆಯ ಮಾದರಿ ಬೇರೆ. ಬೀದಿಯ ಕೊಳೆಯೆಲ್ಲ ತೊಳೆದು ತರುವ ಮೊದಲ ಮಳೆಯೇ ತುಂಬಾ ಗಲೀಜು. ಬಿಓಡಿ ಎಂಬ ಪರೀಕ್ಷೆ, ಅಂದರೆ ಕೊಳೆ ಕರಗಿಸಲು ಎಷ್ಟು ಆಮ್ಲಜನಕ ಬೇಕೆಂದು ಅಳೆಯುವುದು, ನಮ್ಮ ದೇಶದ ಪದ್ಧತಿಯಲ್ಲಿ 27 ಡಿಗ್ರಿಯಲ್ಲಿ 3 ದಿನ ಹಿಡಿಯುತ್ತದೆ. ಸೋಮವಾರ ಮಾದರಿ, ಮಂಗಳವಾರ ಬಿಓಡಿ ವರದಿ ಎಂದಿದ್ದರೆ ಆ ವರದಿಗೆ ಸಹಿ ಹಾಕಬೇಡಿ.

ಲೆಕ್ಕ ಸರಿಯೇ ಎಂದು ನಿಮಗೆ ಅನುಮಾನ ಬಂದರೆ ದೂರ ಹೋಗಬೇಕಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ಮಣ್ಣು ಮತ್ತು ನೀರಿನ ವಿಷಯ ಬಲ್ಲವರು ಅಲ್ಲಿದ್ದಾರೆ. ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ವಿಭಾಗಗಳಿವೆ. ಪತ್ರ ಬರೆದು ಲೆಕ್ಕ ಮರುಪರಿಶೀಲನೆ ಮಾಡಿಸಿಕೊಳ್ಳಿ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಉತ್ತರದ ಕರಡನ್ನು ಸಲಹೆಗಾರರು ಬರೆಯಬಹುದು. ಆದರೆ ಅದರಲ್ಲಿರುವ ಪ್ರತಿ ದಿನಾಂಕ ನಿಮ್ಮಿಂದ ಆಗುವಂಥದ್ದೇ ಎಂದು ಓದಿ ನೋಡಿ. "ಆರು ತಿಂಗಳಲ್ಲಿ ಎಲ್ಲ ಕೊಳಚೆ ಪೈಪು ಬಂದ್" ಎಂದು ಬರೆದುಕೊಟ್ಟರೆ ಆ ಮಾತು ನಿಮ್ಮದಾಗುತ್ತದೆ.

9. ಕೈಗೆ ತೆಗೆದುಕೊಳ್ಳುವುದು

ಕೊನೆಯ ಕಂತಿಗೆ ಮೊದಲು ಒಂದು ದಿನ ಪೂರ್ತಿ ಇಡಿ. ನಿಮ್ಮ ಜೆಇ ತಮ್ಮ ಕಂಪ್ಯೂಟರಿನಲ್ಲಿ ನಕ್ಷೆಯ ಮೂಲ ಫೈಲು ತಾವೇ ತೆರೆಯಲಿ. ಒಂದು ಹೊಸ ಚರಂಡಿ ಸೇರಿಸಿ ಲೆಕ್ಕ ಬದಲಾಗುವುದನ್ನು ತಾವೇ ನೋಡಲಿ. ಸಲಹೆಗಾರರ ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಲೆಕ್ಕಕ್ಕಿಲ್ಲ. ಪೌರಕಾರ್ಮಿಕರ ಮೇಸ್ತ್ರಿಗಳಿಗೆ ಅವರವರ ವಾರ್ಡಿನ ನಕ್ಷೆ ದೊಡ್ಡದಾಗಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡಿಸಿ. ಎಲ್ಲಿ ಹೂಳು ಬೇಗ ಕೂರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಕ್ಷೆಯಲ್ಲಿ ತಪ್ಪಿದ್ದರೆ ಮೊದಲು ಹೇಳುವವರೂ ಅವರೇ.

ಆಮೇಲೆ ಸೆಪ್ಟೆಂಬರಿನಲ್ಲಿ ಜೋರು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅದೇ ನಕ್ಷೆ ಹಿಡಿದು ಅದೇ ದಾರಿ ನಡೆಯಿರಿ. ನೀರು ನಿಂತ ಮನೆಗಳ ಗೋಡೆ ಮೇಲೆ ಒದ್ದೆ ಗುರುತು ಇರುತ್ತದೆ. ಟೇಪು ಹಿಡಿದು ಅಳೆದು, ನಕ್ಷೆಯಲ್ಲಿ ತೋರಿಸಿದ ಮಟ್ಟದ ಪಕ್ಕ ಬರೆಯಿರಿ. ಎರಡರ ನಡುವೆ ದೊಡ್ಡ ಅಂತರ ಬಂದ ಕಡೆ ಸಲಹೆಗಾರರನ್ನು ಕರೆಸಿ ಲೆಕ್ಕ ತಿದ್ದಿಸಿ. ಶೇ 15ರ ಬಿಲ್ಲು ಅದಾದ ಮೇಲೆ ಪಾಸಾಗಲಿ.